ಎಮ್ಮೆ ಬಣ್ಣದ ಶೂ

"ಇದು ಮುದುಕರ ಶೂ. ನನಗೆ ಬೇಡ!" ಎಂದು ಅಜ್ಜಿ ಡಬ್ಬಿಯನ್ನು ಹಿಂದಕ್ಕೆ ತಳ್ಳಿದಳು.

ಶೂ ಅಂಗಡಿಯ ಅಕ್ಕ ನಕ್ಕಳು. "ಮುದುಕರದ್ದಲ್ಲಮ್ಮಾ, ಓಡೋರದ್ದೇ. ಈಗ ಹೊರಗೆ ಫುಟ್‌ಪಾತಲ್ಲಿ ಓಡಿ ತೋರಿಸಿದ್ರಲ್ಲ, ನಾನು ಹಿಂದಿನಿಂದ ನೋಡ್ತಾ ಇದ್ದೆ. ಓಟ ಚೆನ್ನಾಗಿದೆ. ಆದ್ರೆ ಕಾಲು ಊರಿದಾಗ ನಿಮ್ಮ ಪಾದ ಒಳಗಡೆಗೆ ವಾಲುತ್ತೆ."

"ವಾಲುತ್ತಾ? ನನ್ನ ಪಾದಾನಾ?" ಅಜ್ಜಿಯ ಹುಬ್ಬು ಹಣೆಯ ಮೇಲಕ್ಕೆ ಹೋಯಿತು. "ಊರಿಡೀ ಟಪಾಲು ಹಂಚಿದ ಕಾಲು ಇದು, ತಾಯೀ! ನಾಯಿ ಅಟ್ಟಿಸ್ಕೊಂಡು ಬಂದಾಗಲೂ ವಾಲಿಲ್ಲ."

ಅದು ನಿಜವೇ. ನಿವೃತ್ತಿಯಾಗುವವರೆಗೂ ಅಜ್ಜಿಯದು ಅಂಚೆ ಹಂಚುವ ಕೆಲಸ. ಹೆಗಲಿಗೆ ಚೀಲ ಹಾಕಿಕೊಂಡು, ಏರು ಇಳಿಜಾರು ಎನ್ನದೆ ಬೀದಿ ಬೀದಿ ತಿರುಗಿದವಳು. ಈಗಲೂ ಅಕ್ಕಪಕ್ಕದವರಿಗೆ ಅವಳು ಟಪಾಲಜ್ಜಿಯೇ.

ಪಕ್ಕದ ಸ್ಟೂಲಿನ ಮೇಲೆ ಮೊಮ್ಮಗಳು ಕಾಲು ಆಡಿಸುತ್ತಾ ಕೂತಿದ್ದಳು. ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಅದಕ್ಕೇ ಮನೆಯಲ್ಲೂ ಶಾಲೆಯಲ್ಲೂ ಅವಳಿಗೆ ಬುಗುರಿ ಎಂಬ ಹೆಸರು ಅಂಟಿಕೊಂಡಿತ್ತು. ಅವಳ ಕಾಲಿಗೆ ಆಗಲೇ ಕಿತ್ತಳೆ ಬಣ್ಣದ ಶೂ ಏರಿತ್ತು. ಅದನ್ನು ನೋಡಿದರೆ ಸಾಕು, ಕಾಲು ತಾನಾಗಿಯೇ ಓಡುತ್ತದೆ ಅನ್ನಿಸುವಂಥ ಶೂ.

ಅಂಗಡಿಯ ಅಕ್ಕ ಮೂರು ಶೂಗಳನ್ನು ಸಾಲಾಗಿ ಇಟ್ಟಳು.

"ನೋಡಮ್ಮಾ ಪುಟ್ಟಿ, ನೀನೂ ಕೇಳು. ಈ ಕಿತ್ತಳೆ ಬಣ್ಣದ್ದು ರೇಸ್ ಶೂ. ಗರಿ ಥರ ಹಗುರ, ತಳ ತೆಳು. ರೇಸ್ ದಿನ ಹಾಕೋದು. ಈ ನೀಲಿದು ದಿನಾ ಪ್ರಾಕ್ಟೀಸ್‌ಗೆ. ಒಳಗೆ ಮೆತ್ತೆ ದಪ್ಪ ಇದೆ, ದಿನಾ ಓಡಿದ್ರೂ ಕಾಲಿಗೆ ಪೆಟ್ಟು ಬೀಳಲ್ಲ. ಇದು ಸ್ಟೆಬಿಲಿಟಿ ಶೂ. ಇದರ ಒಳಬದಿ ಗಟ್ಟಿ. ಪಾದ ವಾಲೋಕೆ ಹೋದ್ರೆ 'ನೆಟ್ಟಗೆ ನಿಲ್ಲು' ಅಂತ ತಡಿಯುತ್ತೆ."

"ನೆಟ್ಟಗೆ ನಿಲ್ಲು ಅಂತ ನನಗೆ ಹೇಳೋಕೆ ನಮ್ಮಮ್ಮನಿಗೇ ಧೈರ್ಯ ಇರಲಿಲ್ಲ. ಶೂ ಹೇಳುತ್ತಂತೆ, ಶೂ!" ಎಂದಳು ಅಜ್ಜಿ.

ಬುಗುರಿ ಆ ಮೂರನೆಯ ಶೂ ನೋಡಿದಳು. ಮಬ್ಬು ಬೂದಿ ಬಣ್ಣ. ದಪ್ಪ ಬೇರೆ. ಥೇಟ್ ಕೆಸರಲ್ಲಿ ಹೊರಳಿ ಎದ್ದ ಎಮ್ಮೆ. ಅಜ್ಜಿ ಇದನ್ನು ಹಾಕಿಕೊಂಡು ಶಾಲೆಗೆ ಬಂದರೆ ತನ್ನ ಮಾನ ಏನಾಗಬೇಡ!

ಯಾಕೆಂದರೆ ಶಾಲೆಯಲ್ಲಿ ಜೋಡಿ ಓಟ ಇತ್ತು. ಒಂದು ಮಗು, ಜೊತೆಗೆ ಮನೆಯ ಒಬ್ಬರು ದೊಡ್ಡವರು. ಮೈದಾನದಿಂದ ಹೊರಟು, ನೀರಿನ ಟ್ಯಾಂಕ್ ಸುತ್ತಿ ಬಂದು, ಇಬ್ಬರೂ ಕೈ ಕೈ ಹಿಡಿದು ಗೆರೆ ದಾಟಬೇಕು. "ನಮ್ಮ ಮಾವ ಸ್ವಿಮ್ಮಿಂಗ್ ಕೋಚು. ಅವನು ಬರ್ತಾನೆ, ಗೆಲ್ಲೋದು ನಾವೇ" ಎಂದು ತರಗತಿಯ ರಾಕೆಟ್ ಹೇಳಿದ್ದ. ಅವನ ನಿಜವಾದ ಹೆಸರು ಟೀಚರಿಗೂ ಮರೆತುಹೋಗಿತ್ತು. ಬುಗುರಿ ಸುಮ್ಮನಿರುತ್ತಾಳೆಯೇ? "ನಮ್ಮಜ್ಜಿ ಮುಂದೆ ನಿಮ್ಮ ಮಾವ ಯಾವ ಲೆಕ್ಕ?" ಎಂದು ಎಲ್ಲರೆದುರೇ ಹೇಳಿಬಿಟ್ಟಿದ್ದಳು.

"ಅಜ್ಜಿಗೂ ಕಿತ್ತಳೆ ಬಣ್ಣದ್ದೇ ಕೊಡಿ ಅಕ್ಕಾ" ಎಂದಳು ಬುಗುರಿ.

"ನನ್ನ ಮೊಮ್ಮಗಳು!" ಎಂದು ಅಜ್ಜಿ ಅವಳ ಬೆನ್ನು ತಟ್ಟಿದಳು.

ಅಂಗಡಿಯ ಅಕ್ಕ ವಾದ ಮಾಡಲಿಲ್ಲ. ಎರಡು ಡಬ್ಬಿಗಳನ್ನು ಕಟ್ಟಿಕೊಡುತ್ತಾ, "ಒಂದು ವಾರ ಓಡಿ ನೋಡಿ. ಕಾಲಿಗೆ ಒಗ್ಗದಿದ್ರೆ ತನ್ನಿ, ಬದಲಾಯಿಸಿ ಕೊಡ್ತೀನಿ" ಎಂದಳು.

ಮರುದಿನ ಬೆಳಿಗ್ಗೆಯಿಂದಲೇ ಓಟ ಶುರುವಾಯಿತು. ಒಂದೇ ಬಣ್ಣದ ಶೂ ಹಾಕಿದ ಅಜ್ಜಿ, ಮೊಮ್ಮಗಳು ಬೀದಿಯಲ್ಲಿ ಓಡುತ್ತಿದ್ದರೆ ಬಾಲ್ಕನಿಗಳಲ್ಲಿ ಬಟ್ಟೆ ಹರವುತ್ತಿದ್ದವರು ಕೈ ನಿಲ್ಲಿಸಿ ನೋಡುತ್ತಿದ್ದರು. ಪೇಪರ್ ಹಾಕುವವನು ಸೈಕಲ್ ಬೆಲ್ ಹೊಡೆದು ದಾರಿ ಬಿಟ್ಟ. ಖುಷಿಗೆ ಬುಗುರಿಯ ಕಾಲು ನೆಲದ ಮೇಲೇ ಇರಲಿಲ್ಲ. ಅಜ್ಜಿಯಂತೂ ಯಾರು ಕೇಳಲಿ, ಬಿಡಲಿ, "ಪ್ರಾಕ್ಟೀಸು! ಪ್ರಾಕ್ಟೀಸು!" ಎಂದು ಹೇಳಿಕೊಂಡೇ ಓಡುತ್ತಿದ್ದಳು.

ಕೆಲವು ದಿನ ಕಳೆಯಿತು. ಒಂದು ಮಧ್ಯಾಹ್ನ ಬುಗುರಿ ಶಾಲೆಯಿಂದ ಬಂದಾಗ ಬಚ್ಚಲ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅಜ್ಜಿ ಮಣೆಯ ಮೇಲೆ ಕೂತು, ಬಕೆಟ್ಟಿನ ಬಿಸಿನೀರಲ್ಲಿ ಕಾಲು ಇಳಿಬಿಟ್ಟಿದ್ದಳು. ಕಣ್ಣು ಮುಚ್ಚಿತ್ತು. ಪಕ್ಕದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ.

"ಅಜ್ಜೀ! ಏನಾಯ್ತು?"

ಅಜ್ಜಿ ಬೆಚ್ಚಿಬಿದ್ದಳು. "ಏನಿಲ್ಲ. ಕಾಲು ತೊಳ್ಕೋತಾ ಇದ್ದೆ."

"ಕಾಲು ತೊಳ್ಯೋಕೆ ಉಪ್ಪು ಯಾಕೆ?"

ಅಜ್ಜಿ ಡಬ್ಬಿಯನ್ನು ಬೆನ್ನ ಹಿಂದಕ್ಕೆ ಸರಿಸಿದಳು. ಬುಗುರಿ ಬಗ್ಗಿ ನೋಡಿದಳು. ಎಡಗಾಲಿನ ಹರಡಿನ ಗಂಟು ಊದಿಕೊಂಡಿತ್ತು. ಒಳಬದಿಯಲ್ಲಿ ಕೆಂಪಗೆ, ಮುಟ್ಟಿದರೆ ನೋಯುವ ಹಾಗೆ.

"ನಿಮ್ಮಪ್ಪನ ಹತ್ರ ಹೇಳ್ಬೇಡ" ಎಂದು ಅಜ್ಜಿ ದನಿ ತಗ್ಗಿಸಿದಳು. "ಹೇಳಿದ್ರೂ ಉಪ್ಪುಖಾರ ಹಚ್ಚಿ ಹೇಳ್ಬೇಡ. ಉಪ್ಪು ಈ ನೀರಲ್ಲೇ ಇರ್ಲಿ."

ಬುಗುರಿಗೆ ನಗು ಬರಲಿಲ್ಲ. "ಶೂ ಬದಲಾಯಿಸೋಣ ಅಜ್ಜಿ."

"ಬದಲಾಯಿಸೋದಾ? ಛೆ! ಕಾಲು ಸರಿಯಿಲ್ಲದವಳು ಅಂತ ನಾನೇ ಒಪ್ಕೊಂಡ ಹಾಗಾಗುತ್ತೆ. ಆಮೇಲೆ ಕೋಲು ತಂದ್ಕೊಡ್ತೀರಿ. ಆಮೇಲೆ ಮೂಲೇಲಿ ಕೂರಿಸ್ತೀರಿ." ಅಜ್ಜಿ ಮಾತು ನಿಲ್ಲಿಸಿ ಅವಳನ್ನೇ ನೋಡಿದಳು. "ಅದಿರ್ಲಿ, ನಿನ್ನೆಯಿಂದ ಮೆಟ್ಟಿಲು ಇಳಿಯೋವಾಗ ಕಂಬಿ ಹಿಡ್ಕೊಂಡು ಇಳೀತಾ ಇರೋರು ಯಾರು?"

ಬುಗುರಿಯ ಮುಖ ಸಣ್ಣಗಾಯಿತು. ಅವಳಿಗೂ ಮೊಣಕಾಲಿನ ಕೆಳಗೆ, ಒಳಗಡೆ ಎಲ್ಲೋ ಹಲ್ಲುನೋವಿನ ಹಾಗೆ ಜಗ್ಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಓಟಕ್ಕೆ ಬಿಡುವುದಿಲ್ಲ ಎಂಬ ಭಯ.

ಆ ರಾತ್ರಿ ಊಟ ಮಾಡುವಾಗ ಇಬ್ಬರೂ ಬಾಯಿ ಬಿಡಲಿಲ್ಲ. "ಏನು, ಇಬ್ಬರ ಬಾಯಿಗೂ ಬೀಗ ಬಿದ್ದಿದೆ?" ಎಂದು ಅಪ್ಪ ಕೇಳಿದ್ದಕ್ಕೆ ಅಜ್ಜಿ, "ಓಟಗಾರರು ಜಾಸ್ತಿ ಮಾತಾಡಲ್ಲ" ಎಂದಳು.

ಬುಗುರಿ ತಟ್ಟೆ ನೋಡುತ್ತಾ ಯೋಚಿಸಿದಳು. ಅಜ್ಜಿಗೆ ಆ ಶೂ ಬೇಡ ಅನ್ನಿಸಿದ್ದು ಅಜ್ಜಿಯ ಹಟದಿಂದ ಮಾತ್ರ ಅಲ್ಲ. 'ಕಿತ್ತಳೆ ಬಣ್ಣದ್ದೇ ಕೊಡಿ' ಎಂದವಳು ತಾನಲ್ಲವೇ? ಈಗ ಅಜ್ಜಿಗೆ ಬುದ್ಧಿ ಹೇಳಿದರೆ ಕೇಳುವುದಿಲ್ಲ. ಬೇರೆ ಏನಾದರೂ ದಾರಿ ಬೇಕು.

ಮರುದಿನ ಶಾಲೆ ಬಿಟ್ಟ ಮೇಲೆ, "ಅಜ್ಜೀ, ಅಂಗಡಿಗೆ ಹೋಗೋಣ ಬಾ. ನಿನಗಲ್ಲ, ನನಗೆ. ನನ್ನ ಕಾಲು ನೋಯ್ತಿದೆ" ಎಂದಳು. ಮೊಮ್ಮಗಳ ಕಾಲು ಎಂದ ಮೇಲೆ ಅಜ್ಜಿ ತಕ್ಷಣ ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಬುಗುರಿಯ ಲೆಕ್ಕ ಸುಲಭವಾಗಿತ್ತು. ಅಂಗಡಿಯ ಅಕ್ಕ ತನಗೆ ನೀಲಿ ಶೂ ಕೊಡುತ್ತಾಳೆ. ತಾನು ಬದಲಾಯಿಸಿದ್ದು ನೋಡಿ ಅಜ್ಜಿಯೂ ಬದಲಾಯಿಸುತ್ತಾಳೆ. ಅಷ್ಟೇ.

ಅಕ್ಕ ಅವಳನ್ನು ಫುಟ್‌ಪಾತಿನ ಮೇಲೆ ಓಡಿಸಿದಳು. ಹಿಂದೆ ಕುಕ್ಕರುಗಾಲಲ್ಲಿ ಕೂತು ಅವಳ ಹಿಮ್ಮಡಿಯನ್ನೇ ನೋಡಿದಳು. "ಇನ್ನೊಂದು ಸಲ ಓಡು" ಎಂದಳು. ಆಮೇಲೆ ನಗುತ್ತಾ ಎದ್ದಳು.

"ಥೇಟ್ ಅಜ್ಜಿ ಕಾಲೇ! ನಿಂದೂ ಒಳಗಡೆಗೇ ವಾಲುತ್ತೆ."

"ಇಲ್ಲ!" ಎಂದು ಬುಗುರಿ ಕೂಗಿಯೇಬಿಟ್ಟಳು. "ನನ್ನ ಕಾಲು ನೆಟ್ಟಗಿದೆ! ನೀವು ಸರಿಯಾಗಿ ನೋಡಿಲ್ಲ! ಆ ಮುದುಕರ ಶೂ ನನಗೆ ಬೇಡ!"

ಹೇಳಿ ಮುಗಿಸಿದ ಮೇಲೆ ಆ ಮಾತು ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸಿತು. ತಿರುಗಿ ನೋಡಿದಳು. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಭುಜ ಕುಲುಕುತ್ತಿತ್ತು. ಆಮೇಲೆ ತಡೆಯಲಾರದೆ ಗೊಳ್ಳೆಂದು ನಕ್ಕುಬಿಟ್ಟಳು. ಅಂಗಡಿಯ ಅಕ್ಕನೂ ನಕ್ಕಳು. ಬುಗುರಿಗೆ ಮಾತ್ರ ಕಣ್ಣಲ್ಲಿ ನೀರು.

"ಇಲ್ಲಿ ಬಾ" ಎಂದಳು ಅಜ್ಜಿ. ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಶೂ ಬಿಚ್ಚಿ, ಪಾದವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಹೆಬ್ಬೆರಳಿನಿಂದ ಅಂಗಾಲನ್ನು ಒತ್ತಿ ನೋಡಿದಳು.

"ಹೌದಲ್ಲೇ. ಇದು ನಮ್ಮಮ್ಮನ ಕಾಲು. ಒಂದಿಷ್ಟೂ ಕುಳಿ ಇಲ್ಲ, ಚಪ್ಪಟೆ. ಅವಳು ಇಂಥ ಕಾಲಲ್ಲೇ ಗುಡ್ಡ ಹತ್ತಿ ಇಳಿದು ನಮ್ಮನ್ನೆಲ್ಲಾ ಸಾಕಿದ್ಲು. ಅವಳಿಂದ ನನಗೆ ಬಂತು. ನಿಮ್ಮಪ್ಪನಿಗೆ ಬರಲಿಲ್ಲ, ಅವನದು ಅವರಪ್ಪನ ಕಾಲು, ಸೋಮಾರಿ ಕಾಲು. ನಾನು ಅಂದ್ಕೊಂಡಿದ್ದೆ, ಇದು ನನ್ನ ಜೊತೆಗೇ ಮುಗೀತು ಅಂತ."

ಬುಗುರಿ ಕಣ್ಣೊರೆಸಿಕೊಂಡು ತನ್ನ ಪಾದವನ್ನು ನೋಡಿದಳು. ಆಮೇಲೆ ಅಜ್ಜಿಯ ಪಾದವನ್ನು ನೋಡಿದಳು. ಒಂದು ಸುಕ್ಕು ಬಿದ್ದದ್ದು, ಒಂದು ಮೆತ್ತಗಿನದು. ಹೆಬ್ಬೆರಳಿನ ಪಕ್ಕದ ಬೆರಳು ಎರಡರಲ್ಲೂ ಉದ್ದ. ಇಷ್ಟು ದಿನ ನೋಡಿಯೇ ಇರಲಿಲ್ಲ.

ಅವಳು ಸುರ್ರೆಂದು ಮೂಗು ಎಳೆದುಕೊಂಡು ಹೇಳಿದಳು: "ಅಕ್ಕಾ, ಆ ಎಮ್ಮೆ ಬಣ್ಣದ್ದೇ ಕೊಡಿ."

"ಒಂದೇ ಜೋಡಿ ಯಾಕೆ?" ಎಂದಳು ಅಜ್ಜಿ. "ಎರಡು ಕೊಡಮ್ಮಾ. ಎಮ್ಮೆ ಒಂದೇ ಇದ್ರೆ ಅದಕ್ಕೂ ಬೇಜಾರು."

ಊತ, ನೋವು ಇಳಿಯುವವರೆಗೆ ಓಡಬಾರದು ಎಂದು ಅಂಗಡಿಯ ಅಕ್ಕ ಇಬ್ಬರಿಂದಲೂ ಮಾತು ತೆಗೆದುಕೊಂಡಳು. ಮನೆಗೆ ಬಂದ ಮೇಲೆ ಅಜ್ಜಿ ತಾನಾಗಿಯೇ ಅಪ್ಪನಿಗೆ ಎಲ್ಲ ಹೇಳಿದಳು, ಬೇಕಾದಷ್ಟು ಉಪ್ಪುಖಾರ ಹಚ್ಚಿ. ಇಬ್ಬರೂ ಅಮ್ಮ ಹೇಳಿದಂತೆ ಕಾಲಿಗೆ ಐಸ್ ಇಟ್ಟುಕೊಂಡು ಸೋಫಾದ ಮೇಲೆ ಕೂತರು. ಅಮ್ಮ ಆಸ್ಪತ್ರೆಯಲ್ಲಿ ನರ್ಸು. ಅವಳ ಮಾತಿಗೆ ಮನೆಯಲ್ಲಿ ಎದುರು ಮಾತಿಲ್ಲ. ನೋವು ಹೋದ ಮೇಲೆ ಮೊದಲು ನಡಿಗೆ, ಆಮೇಲೆ ಮೆಲ್ಲಗೆ ಓಟ. ಹೊಸ ಶೂ ಕಾಲನ್ನು ಒಳಬದಿಯಿಂದ ಹಿಡಿದುಕೊಂಡ ಹಾಗಿತ್ತು. ಭಾರ ಅನ್ನಿಸಿದ್ದು ಮೊದಲ ದಿನ ಮಾತ್ರ.

ಓಟದ ದಿನ ಬಂತು. ಗೆರೆಯ ಹತ್ತಿರ ರಾಕೆಟ್ ಅವರ ಕಾಲು ನೋಡಿ ಕಿಸಕ್ಕನೆ ನಕ್ಕ. "ಏನೇ ಇದು, ಎಮ್ಮೆ ಶೂ!"

ಬುಗುರಿಯ ಕಿವಿ ಬಿಸಿಯಾಯಿತು. ಆದರೆ ಅವಳು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. "ಹೌದು. ಎಮ್ಮೆ ಓಡಿ ಬರೋವಾಗ ಎದುರಿಗೆ ನಿಂತಿದ್ದೀಯಾ ಯಾವಾಗಾದ್ರೂ? ದಾರಿ ಬಿಡ್ಬೇಕಾಗುತ್ತೆ."

ರಾಕೆಟ್‌ನ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. ಅಷ್ಟರಲ್ಲಿ ಸೀಟಿ ಊದಿದರು.

ಎಲ್ಲರೂ ನುಗ್ಗಿದರು. ಬುಗುರಿಯೂ ಬಾಣದ ಹಾಗೆ ಹೊರಟಳು. ಅಜ್ಜಿ ಅವಳ ಅಂಗಿ ಹಿಡಿದು ಎಳೆದಳು. "ಮೆಲ್ಲಗೆ! ಮೊದಲನೇ ಬೀದೀಲೇ ದಮ್ಮು ಖಾಲಿ ಮಾಡಿದ್ರೆ ಕೊನೇ ಮನೆಗೆ ಟಪಾಲು ಮುಟ್ಟಲ್ಲ."

ಜೋಡಿಗಳೆಲ್ಲಾ ಮುಂದೆ ಹೋದವು. ಬುಗುರಿಗೆ ಅಳು ಬರುವಂತಾಯಿತು. ಆದರೂ ಅಜ್ಜಿಯ ಹೆಜ್ಜೆಗೆ ಹೆಜ್ಜೆ ಹಾಕಿದಳು. ನೀರಿನ ಟ್ಯಾಂಕಿನ ಏರು ಶುರುವಾದಾಗ ಒಂದು ಜೋಡಿ ನಿಂತು ಏದುಸಿರು ಬಿಡುತ್ತಿತ್ತು. ಸ್ವಲ್ಪ ಮುಂದೆ ಇನ್ನೊಂದು. ಟ್ಯಾಂಕ್ ಸುತ್ತಿ ತಿರುಗುವಷ್ಟರಲ್ಲಿ ಮುಂದೆ ಬೆರಳೆಣಿಕೆಯಷ್ಟು ಜನ ಮಾತ್ರ. ಅಜ್ಜಿಯ ಹೆಜ್ಜೆ ಬದಲಾಗಲಿಲ್ಲ. ಗಡಿಯಾರದ ಹಾಗೆ, ಟಪ್, ಟಪ್, ಟಪ್.

ಆಮೇಲೆ ಬುಗುರಿಯ ಪಕ್ಕೆ ಹಿಡಿಯಿತು. "ಅಜ್ಜೀ, ಆಗ್ತಿಲ್ಲ..."

"ಆಗುತ್ತೆ. ಮೂಗಲ್ಲಿ ಉಸಿರು ತಗೋ. ಮುಂದಿನ ಕಂಬ ನೋಡು, ಅಷ್ಟೇ ನೋಡು." ಕಂಬ ಬಂತು. "ಈಗ ಅದರಾಚೆದು ನೋಡು." ಹೀಗೇ ಕಂಬದಿಂದ ಕಂಬಕ್ಕೆ ಮೈದಾನದ ಗೇಟು ಬಂದುಬಿಟ್ಟಿತು. ಅಲ್ಲಿ ರಾಕೆಟ್ ತನ್ನ ಮಾವನ ಕೈ ಜಗ್ಗುತ್ತಿದ್ದ. "ನಿಲ್ಬೇಡ ಮಾವಾ!" ಮಾವ ಮೊಣಕಾಲಿನ ಮೇಲೆ ಕೈ ಊರಿ, "ನೀರಾಗಿದ್ರೆ ಗೆಲ್ತಿದ್ದೆ ಕಣೋ" ಎನ್ನುತ್ತಿದ್ದ.

ಬುಗುರಿ ಏನೋ ಹೇಳಲು ಬಾಯಿ ತೆರೆದಳು. ರಾಕೆಟ್‌ನ ಮುಖ ನೋಡಿದಳು. "ಬಾರೋ, ಇನ್ನು ಇಷ್ಟೇ ಇರೋದು!" ಎಂದು ಕೂಗಿ ಮುಂದೆ ಓಡಿದಳು. ಅಜ್ಜಿಯ ಕೈ ಅವಳ ಕೈಗೆ ಬಂದು ಸೇರಿತು. ಇಬ್ಬರೂ ಗೆರೆ ದಾಟಿದರು.

ಮೂರನೆಯ ಸ್ಥಾನ! ಅಪ್ಪ ಬೇಲಿಯ ಆಚೆಯಿಂದ ಎರಡೂ ಕೈ ಎತ್ತಿ ಕುಣಿಯುತ್ತಿದ್ದ. ತರಗತಿಯವರು "ಟಪಾಲಜ್ಜಿ! ಟಪಾಲಜ್ಜಿ!" ಎಂದು ಕೂಗುತ್ತಿದ್ದರು. ರಾಕೆಟ್‌ನ ದನಿಯೂ ಅದರಲ್ಲಿ ಕೇಳಿಸಿತು.

ಬಹುಮಾನಕ್ಕೆ ಕರೆದರು. ವೇದಿಕೆ ಹತ್ತಲು ಹಿಂಬದಿಯಲ್ಲಿ ಎತ್ತರದ ಮರದ ಮೆಟ್ಟಿಲು. ಪಿ.ಟಿ. ಮೇಷ್ಟ್ರು ಬಗ್ಗಿ ಕೈ ಚಾಚಿದರು. "ಹುಷಾರು ಅಜ್ಜಿ. ನನ್ನ ಕೈ ಹಿಡ್ಕೊಳ್ಳಿ."

"ಬೇಡ ಸಾರ್" ಎಂದಳು ಅಜ್ಜಿ.

ಬುಗುರಿಗೆ ಅದು ಗೊತ್ತೇ ಇತ್ತು. ಮೇಲಿನ ಮೆಟ್ಟಿಲಿನಲ್ಲಿ ನಿಂತು ಕಾದಳು. ಆಗ ಅವಳ ಹೆಗಲ ಮೇಲೆ ಅಜ್ಜಿಯ ಅಂಗೈ ಬಂದು ಕೂತಿತು. ಬೆವರಿದ, ಬೆಚ್ಚಗಿನ ಕೈ. ಸುಮ್ಮನೆ ಮುಟ್ಟಿದ್ದಲ್ಲ. ಅಜ್ಜಿ ನಿಜವಾಗಿಯೂ ಭಾರ ಬಿಟ್ಟಿದ್ದಳು.

ಬುಗುರಿ ಉಸಿರು ಹಿಡಿದಳು. ತಿರುಗಿ ನೋಡಲಿಲ್ಲ. ಎದುರಿಗೆ ಇಡೀ ಶಾಲೆ ಚಪ್ಪಾಳೆ ತಟ್ಟುತ್ತಿತ್ತು. ಅವಳು ಬೆನ್ನು ನೆಟ್ಟಗೆ ಮಾಡಿ, ಎರಡೂ ಕಾಲನ್ನು ಗಟ್ಟಿಯಾಗಿ ಊರಿದಳು. ಅಜ್ಜಿಯ ಇನ್ನೊಂದು ಕಾಲೂ ಮೇಲೆ ಬರುವವರೆಗೆ ಕದಲಲಿಲ್ಲ.