ಐವತ್ತು ನಿಮಿಷದ ದಾರಿ

ಬಜ್ಪೆಯಿಂದ ಬೆಂಗಳೂರಿಗೆ ವಿಮಾನದಲ್ಲಿ ಐವತ್ತೇ ನಿಮಿಷ ಎಂದು ಮುನಿರತ್ನಳಿಗೆ ಹೇಳಿಕೊಟ್ಟವನೇ ಶ್ಯಾಮಣ್ಣ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಬ್ಬರದೂ ಒಂದೇ ಫ್ಯಾಕ್ಟರಿ. ಹೆಬ್ಬಗೋಡಿಯ ಅವಳು ವೈರ್‌ಲೆಸ್ ಸೆಟ್ಟುಗಳಿಗೆ ಬೆಸುಗೆ ಹಾಕುವವಳು, ಸಿಂಗಸಂದ್ರದ ಅವನು ಟೆಸ್ಟ್ ಮಾಡುವವನು.

"ಎಷ್ಟು ದೂರ ಹೋದ್ರೇನು? ನೀನು ಮುದ್ದೆ ತಿರುವಿ ಇಡೋವಷ್ಟರಲ್ಲಿ ಬಂದ್ಬಿಡ್ತೀನಿ," ಎಂದು ಕಣ್ಣಲ್ಲೇ ನಕ್ಕಿದ್ದ, ಬಜ್ಪೆ ಏರ್‌ಪೋರ್ಟಿಗೆ ಸೆಟ್ಟು ಕೂರಿಸಲು ಹೊರಟ ದಿನ.

"ಮುದ್ದೆಗೆ ಐವತ್ತು ನಿಮಿಷ ಯಾರು ತಗೋತಾರೆ? ನಿಮ್ಮಮ್ಮನಾ?" ಎಂದು ಅವಳು ಮುಖ ತಿರುಗಿಸಿದ್ದಳು. ನಗು ಬಚ್ಚಿಡಲು ಅಷ್ಟಾದರೂ ಮಾಡಬೇಕಿತ್ತು.

ನಾಲ್ಕು ತಿಂಗಳಾದರೂ ಅವನ ಕೆಲಸ ಮುಗಿಯಲಿಲ್ಲ. ಇತ್ತ ಅವಳಪ್ಪ ಚಿಕ್ಕಬೈರಪ್ಪ ಆನೇಕಲ್ಲಿನ ಗಂಡಿಗೆ ಮಾತು ಕೊಡಲು ಹೊರಟ. ಅವಳು ಅತ್ತು ಎಲ್ಲ ಹೇಳಿಬಿಟ್ಟಳು.

"ಗುರುವಾರ ಅವರು ಈಳ್ಯ ಬದಲಾಯ್ಸಕ್ಕೆ ಬತ್ತಾರೆ. ಒಂದೂವರೆಗೆ ರಾಹುಕಾಲ. ಅದಕ್ಕೆ ಮುಂಚೆ ನಿನ್ನೋನು ನನ್ನ ಮುಂದೆ ನಿಂತು ಕೇಳ್ಲಿ, ಅವರಿಗೆ ಕೈ ಮುಗಿದು ಕಳಿಸ್ತೀನಿ. ಈಳ್ಯ ಬದಲಾದ್ಮೇಲೆ ನನ್ನ ನಾಲಿಗೆ ಒಂದೇ," ಎಂದ ಅಪ್ಪ.

ಕಾಗದ ಬರೆದಳು. ಬುಧವಾರ ಫ್ಯಾಕ್ಟರಿ ಆಫೀಸಿಗೆ ಅವನ ಟ್ರಂಕ್ ಕಾಲ್ ಬಂತು.

"ರಾತ್ರಿ ಬಸ್ಸಿಗೆ ಹೊರಡ್ತೀನಿ ರತ್ನ."

"ಬಸ್ಸು ಬೇಡ ಕಣ್ರೀ. ಘಾಟಿಯಲ್ಲಿ ಕೆಟ್ಟು ನಿಂತ್ರೆ? ನಾಳೆ ಪ್ಲೇನಲ್ಲೇ ಬನ್ನಿ. ಹನ್ನೆರಡಕ್ಕೆಲ್ಲ ಇಳೀತೀರಲ್ಲ!"

ಘಾಟಿ ಬರೀ ನೆಪ. ಆನೇಕಲ್ಲಿನವರ ಎದುರು ತನ್ನ ಗಂಡು ವಿಮಾನದಿಂದ ಇಳಿದು ಬರಲಿ ಎಂಬ ಆಸೆ ಅವಳಿಗೆ. ಪ್ರೀತಿಸಿದ ಹುಡುಗಿಗೆ ಅಷ್ಟು ಜಂಬ ಇರಬಾರದೆ?

ಗುರುವಾರ ಆನೇಕಲ್ಲಿನವರು ಬಂದು ಕೂತರು. ಹನ್ನೆರಡಾಯಿತು, ಒಂದಾಯಿತು. ಅಪ್ಪನೇ ಎರಡು ಸಲ ರಸ್ತೆಯವರೆಗೆ ಹೋಗಿ ನೋಡಿ ಬಂದ. ಒಂದೂ ಇಪ್ಪತ್ತಕ್ಕೆ ಮಗಳ ಮುಖ ನೋಡದೆ ವೀಳ್ಯದ ತಟ್ಟೆ ಎತ್ತಿ ಬದಲಾಯಿಸಿಕೊಂಡ.

ಎರಡಕ್ಕೆ ಶ್ಯಾಮಣ್ಣ ಬಂದ. ಅಂಗಿಯೆಲ್ಲ ಬೆವರು. ಎಲೆ ಹಾಕಿ ಬಡಿಸುತ್ತಿರುವುದು ಕಂಡು ಹೊಸಿಲಾಚೆಯೇ ನಿಂತುಬಿಟ್ಟ.

"ಪ್ಲೇನು ಲೇಟಾ?" ಅವಳು ಬಾಗಿಲಿಗೆ ಬಂದು ಕೇಳಿದಳು.

"ಇಲ್ಲ, ಟೈಮಿಗೇ ಬಂತು. ಏರ್‌ಪೋರ್ಟಿಂದ ಮಾರ್ಕೆಟ್ಟಿಗೆ ಒಂದು ಬಸ್ಸು. ಅಲ್ಲಿ ಈ ಕಡೆ ಬರೋ ಅತ್ತಿಬೆಲೆ ಬಸ್ಸಿಗೆ ಮುಕ್ಕಾಲು ಗಂಟೆ ಕಾದೆ..." ಎಂದವನು ಅವಳ ಮುಖ ನೋಡಿ ಮಾತು ಬದಲಿಸಿದ. "ನಂದೇ ತಪ್ಪು ರತ್ನ. ಆಟೋ ಹಿಡೀಬೇಕಿತ್ತು."

ತಪ್ಪು ಯಾರದೆಂದು ಅವಳಿಗೆ ಗೊತ್ತಿತ್ತು. ವಿಮಾನ ಇಳಿದ ಮೇಲೂ ದಾರಿಯಿದೆ ಎಂಬುದು ಹೊಳೆಯಲೇ ಇಲ್ಲವಲ್ಲ, ದಿನಾ ಹೊಸೂರು ರೋಡಿನಲ್ಲಿ ಬಸ್ಸಿಗೆ ಕಾಯುವವಳಿಗೆ!

ಚಿಕ್ಕಬೈರಪ್ಪ ಬಂದು ಅವನ ಭುಜ ಮುಟ್ಟಿದ. "ಅಸ್ಕಂಡು ಓಗಬಾರ್ದು. ಊಟಕ್ಕೆ ಕೂತ್ಕೊಳಪ್ಪ."

ಆನೇಕಲ್ಲಿನವರ ಸಾಲಿನ ಕೊನೆಯಲ್ಲಿ ಅವನು ಕೂತ. ಅವಳೇ ಬಡಿಸಿದಳು. ಒಬ್ಬಟ್ಟು ಹಾಕಿದಳು, ತಿಂದ. ಅನ್ನ ಹಾಕಿದಳು, ಕಲಸಿಕೊಂಡ. ಸಾಲಿನವರೆಲ್ಲ ಎದ್ದು ಕೈತೊಳೆದರು.

ಎಲೆ ಖಾಲಿಯಾದರೆ ಅವನು ಎದ್ದು ಹೋಗುತ್ತಾನೆ. ಅವಳು ಮತ್ತೆ ಅನ್ನ ಹಾಕಿದಳು. ಅವನು ಸಾಕು ಎನ್ನಲಿಲ್ಲ.