ಬೆಂಕಿಪೊಟ್ಟಣದೊಳಗಿನ ಹಲ್ಲು

"ಬಾಯಿ ತೆಗೀರಿ..."

"ತೆಗೆಯಲ್ಲ!"

ಚಿನ್ನದ ಗಣಿಯ ಊರಾದ ರಾಬರ್ಟ್‌ಸನ್‌ಪೇಟೆಯ ಆ ಪುಟ್ಟ ಹಲ್ಲಿನ ಕ್ಲಿನಿಕ್ಕಿನಲ್ಲಿ ಅಷ್ಟು ಜೋರಾಗಿ ಯಾರೂ ಎಂದೂ ಕೂಗಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೆನ್ನೆ ಹಿಡಿದು ಕುಳಿತಿದ್ದವರೆಲ್ಲ ತಮ್ಮ ನೋವು ಮರೆತು ಕತ್ತು ಚಾಚಿದರು.

ಕುರ್ಚಿಯಲ್ಲಿದ್ದವಳು ಅನಸೂಯ. ಬಂಗಾರಪೇಟೆ ಪಕ್ಕದ ಹಳ್ಳಿಯ ಸೊಣ್ಣಪ್ಪನ ಮಗಳು. ಇಪ್ಪತ್ಮೂರು ವರ್ಷ, ಊರಿನ ಹಾಲಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ. ತಿಂಗಳ ಹಿಂದೆ ಮನೆಯ ಸೀಮೆಹಸು ನೊಣ ಓಡಿಸಲು ತಲೆ ಕೊಡವಿದ್ದೇ ತಡ, ಅದರ ಹಣೆ ನೇರ ಇವಳ ಬಾಯಿಗೆ ಬಡಿದಿತ್ತು. ಮೇಲಿನ ಸಾಲಿನ ಮುಂದಿನ ಹಲ್ಲು ಬೇರಿನ ತನಕ ಸೀಳಿಹೋಗಿ, ಈ ಕ್ಲಿನಿಕ್ಕಿನ ಡಾಕ್ಟರಮ್ಮ ಅದನ್ನು ಕಿತ್ತು ಹಾಕಬೇಕಾಯಿತು.

ಎದುರಿಗೆ ಬಿಳಿ ಹಿಟ್ಟು ಕಲಸಿಕೊಂಡು ನಿಂತಿದ್ದವನು ಕೋದಂಡ. ಡಾಕ್ಟರಲ್ಲ, ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕುಳಿತು ಹಲ್ಲು ಮಾಡುವ ಮೆಕ್ಯಾನಿಕ್. ಬಾಯಿಯ ಅಚ್ಚು ತೆಗೆಯಲು ಬಂದಿದ್ದ.

"ಯಾಕ್ರೀ ತೆಗೆಯಲ್ಲ?"

"ಅಚ್ಚು ತೆಗೆದು ಏನ್ಮಾಡ್ತೀರಿ? ಪ್ಲೇಟ್ ಹಲ್ಲು ಮಾಡ್ತೀರಿ. ಮಲಗುವಾಗ ತೆಗೆದು ಲೋಟದಲ್ಲಿ ಇಡೋದು, ಎದ್ದಾಗ ಹಾಕ್ಕೊಳ್ಳೋದು! ನಂಗೆ ಬೇಡ."

"ಹಂಗಾದ್ರೆ ಪಕ್ಕದ ಎರಡು ಹಲ್ಲು ಅರೆದು, ಮೂರೂ ಸೇರಿಸಿ ಕಟ್ಟಬೋದು..."

"ಹೋದ ಒಂದಕ್ಕೋಸ್ಕರ ಇರೋ ಎರಡನ್ನ ಕೆಡಿಸ್ಬೇಕಾ? ನನ್ನ ಬಾಯಲ್ಲೇ ಬೇರು ಬಿಟ್ಟು ನಿಲ್ಲೋ ಹಲ್ಲು ಇದ್ರೆ ಹೇಳಿ. ಇಲ್ಲಾಂದ್ರೆ ಹಿಂಗೇ ಇರ್ತೀನಿ!"

ಹೀಗೆಂದು ಹಲ್ಲಿಲ್ಲದ ಆ ಸಂದಿಯನ್ನು ತೋರಿಸಿಯೇ ನಕ್ಕಳು ನಮ್ಮ ಅನಸೂಯ. ಕೈ ಅಡ್ಡ ಹಿಡಿಯಲಿಲ್ಲ, ಸೆರಗು ಮುಚ್ಚಲಿಲ್ಲ.

ಕೋದಂಡನ ಕೈಯಲ್ಲಿದ್ದ ಹಿಟ್ಟು ಗಟ್ಟಿಯಾಗಿ ಹೋಯಿತು. ಅವನಿಗೆ ಅದರ ಪರಿವೆಯೇ ಇರಲಿಲ್ಲ. *ಎಂಥ ನಗು ಇದು...!*

"ಒಂದು ದಾರಿ ಐತೆ," ಎಂದ ಮೆಲ್ಲಗೆ. "ಬೆಂಗಳೂರಿನ ಡೆಂಟಲ್ ಕಾಲೇಜಲ್ಲಿ ಹೊಸದಾಗಿ ಶುರು ಮಾಡವ್ರೆ. ಇಂಪ್ಲಾಂಟ್ ಅಂತ. ದವಡೆ ಎಲುಬಿಗೇ ಒಂದು ಸ್ಕ್ರೂ ಕೂರಿಸ್ತಾರೆ. ಎಲುಬು ಅದನ್ನ ಕಚ್ಚಿ ಹಿಡಿಯೋಕೆ ಆರು ತಿಂಗ್ಳು. ಆಮೇಲೆ ಅದರ ಮೇಲೆ ಹಲ್ಲು. ಆದ್ರೆ ಅಲ್ಲೀತನಕ ಸಂದಿ ಹಂಗೇ ಇರುತ್ತಮ್ಮ."

"ಇರ್ಲಿ. ನೋಡೋರ ಕಣ್ಣೇನು ಉದುರಿ ಹೋಗುತ್ತಾ?"

ಅವನು ಹೊಸದಾಗಿ ಹಿಟ್ಟು ಕಲಸಿದ. "ಕಾಲೇಜಿಗೂ ಅಚ್ಚು ಬೇಕಾಗುತ್ತೆ. ದಯವಿಟ್ಟು ಬಾಯಿ ತೆಗೀತೀರಾ? ಆರ್ಡರ್ ಅಲ್ಲ, ಕೇಳ್ಕೊತಿದೀನಿ. ನಮ್ಮಪ್ಪ ಗಣಿಯಿಂದ ಮೇಲೆ ಬಂದಾಗೆಲ್ಲ ಗೇಟಲ್ಲಿ 'ಬಾಯಿ ತೆಗಿ' ಅನ್ನೋರು. ಚಿನ್ನ ಬಚ್ಚಿಟ್ಟವ್ನಾ ಅಂತ. ಅದಕ್ಕೇ ಆ ಮಾತು ನಂಗೂ ಹಿಡಿಸಲ್ಲ."

ಅನಸೂಯ ಬಾಯಿ ತೆರೆದಳು.

ಅದು ತೊಂಬತ್ನಾಲ್ಕನೇ ಇಸವಿ. ಹೊಸ ಚಿಕಿತ್ಸೆ ಕಲಿಯುತ್ತಿದ್ದ ಕಾಲೇಜಿನವರು ಮೊದಲ ಕೆಲವರಿಗೆ ಪುಕ್ಕಟೆಯಾಗಿ ಮಾಡುತ್ತಿದ್ದರು. ಡಾಕ್ಟರಮ್ಮನ ಚೀಟಿ ಹಿಡಿದು ಹೋದ ಅನಸೂಯಳ ದವಡೆಗೆ ಏಪ್ರಿಲ್‌ನಲ್ಲಿ ಸ್ಕ್ರೂ ಕೂತಿತು. ವಾರವೆಲ್ಲ ಮುಖ ಊದಿ ಕುಂಬಳಕಾಯಿಯಾಗಿತ್ತು. ಅವಳು ರಾಗಿ ಗಂಜಿ ಕುಡಿದುಕೊಂಡೇ ಡೇರಿಗೆ ಹೋದಳು.

ಆಮೇಲೆ ತೋರಿಸಿಕೊಳ್ಳಲು ಗುರುವಾರಗಳಂದು ಬೆಂಗಳೂರಿಗೆ ಓಡಾಟ. ಆ ಕಾಲೇಜಿನ ಲ್ಯಾಬಿನಲ್ಲಿ ಹೊಸ ಕೆಲಸ ಕಲಿಯಲು ಕೋದಂಡನೂ ಗುರುವಾರವೇ ಹೋಗುತ್ತಿದ್ದ. ರೈಲು ಹೊರಡುವ ಗಣಿ ಕಡೆಯ ಮಾರಿಕುಪ್ಪಂನಲ್ಲೇ ಖಾಲಿ ರೈಲು ಹತ್ತುತ್ತಿದ್ದವನು ಕಿಟಕಿ ಪಕ್ಕ ಟವೆಲ್ ಹಾಸಿ, ಬಂಗಾರಪೇಟೆ ಬರುವವರೆಗೂ ಎಲ್ಲರ ಹತ್ತಿರ ಬೈಸಿಕೊಂಡು ಆ ಸೀಟು ಕಾಯುತ್ತಿದ್ದ.

"ಯಾರಿಗ್ರೀ ಈ ಸೀಟು?"

"ಪೇಷೆಂಟು ಬತ್ತಾರೆ ಸಾರ್!"

ಪೇಷೆಂಟು ಬರುತ್ತಿದ್ದಳು, ಕಡಲೆಕಾಯಿ ಪೊಟ್ಟಣದ ಜೊತೆ. ಹಾಲಿಗೆ ನೀರು ಬೆರೆಸುವವರ ಜೊತೆ ಜಗಳವಾಡಿದ ಕಥೆ ಹೇಳುತ್ತಿದ್ದಳು. ಆ ಸಂದಿಯಿಂದ ಗಾಳಿ ನುಗ್ಗಿ 'ಸ' ಅನ್ನುವಾಗಲೆಲ್ಲ ಸಣ್ಣ ಸೀಟಿ ಬರುತ್ತಿತ್ತು.

"ಡೇರೀಲಿ ಎಲ್ಲ ನಗ್ತಾರೆ ಗೊತ್ತಾ?"

"ನೀವೇನಂತೀರಿ?"

"ನಗೋಕೆ ಮುಂಚೆ ನಿಮ್ಮ ಹಾಲಲ್ಲಿ ನೀರೆಷ್ಟಿದೆ ಹೇಳ್ಲಾ ಅಂತೀನಿ!"

ಕೋದಂಡ ಬಿದ್ದು ಬಿದ್ದು ನಗುತ್ತಿದ್ದ. "ಆ ಸೀಟಿ ಚೆನ್ನಾಗೈತೆ ಕಣಮ್ಮ," ಎಂದಿದ್ದ ಒಂದು ದಿನ. ಅಂದು ಅನಸೂಯ ಬೆಂಗಳೂರಿನ ಟಿನ್‌ಫ್ಯಾಕ್ಟರಿ ದಾಟುವವರೆಗೂ ಕಿಟಕಿಯ ಹೊರಗೇ ನೋಡುತ್ತಿದ್ದಳು. ಕೆನ್ನೆ ಮಾತ್ರ ಬಿಸಿಯಾಗಿತ್ತು... *ಇವನ ಎದುರು ನಾನು ಏನನ್ನೂ ಮುಚ್ಚಿಡಬೇಕಿಲ್ಲ. ಮದುವೆ ಅಂತ ಆದರೆ ಇಂಥವನನ್ನೇ!*

ಆದರೆ ಮನೆಯಲ್ಲಿ ತಾಯಿ ಚಿಕ್ಕವೆಂಕಟಮ್ಮನ ಲೆಕ್ಕ ಬೇರೆಯೇ ಇತ್ತು.

"ಭಾನುವಾರ ಮಾಲೂರು ಕಡೆಯೋರು ನೋಡಕ್ಕೆ ಬತ್ತಾರೆ. ಬಾಯಿ ಮುಚ್ಕೊಂಡು ಕಾಫಿ ಕೊಟ್ಬುಟ್ಟು ಒಳಕ್ಕೋಗು. ನಗಬ್ಯಾಡ, ಮಾತಾಡಬ್ಯಾಡ. ಅಲ್ಲು ಓಗಿರೋ ಇಚಾರ ತಾಳಿ ಬಿದ್ದಮ್ಯಾಲೆ ಏಳಿದ್ರಾಯ್ತು."

"ಅವ್ವಾ! ಹಸು ಮಾರುವಾಗ ಹಲ್ಲು ನೋಡಿ ತಗೊಳ್ಳಿ ಅಂತ ಅಪ್ಪಾನೇ ಬಾಯಿ ತೆಗೆದು ತೋರಿಸ್ತಾನೆ. ನನ್ನ ಬಾಯಿಗೆ ಮಾತ್ರ ಬೀಗವಾ?"

"ನಿನ್ ಬಾಯ್ಗೆ ಬೀಗ ಆಕೋರು ಉಟ್ಟಿಲ್ಲ ಕಣೇ!" ಎಂದು ತಾಯಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಹೊರಟಳು. ಎಲ್ಲಿಗೆ ಹೊರಟಳೋ, ಹೇಳಲಿಲ್ಲ.

ಶನಿವಾರ ಮಧ್ಯಾಹ್ನ. ಡೇರಿಯ ಕಾಗದಪತ್ರ ಕೊಡಲು ಬಂಗಾರಪೇಟೆಗೆ ಬಂದಿದ್ದ ಅನಸೂಯಳ ಎದುರಿಗೆ ಸ್ಟೇಷನ್ ಬಾಗಿಲಲ್ಲಿ ಕೋದಂಡ ಪ್ರತ್ಯಕ್ಷನಾದ! *ಗುರುವಾರ ಅಲ್ಲ, ರೈಲಿನ ಹೊತ್ತೂ ಅಲ್ಲ... ನನಗೋಸ್ಕರವೇ ಬಂದನಾ?*

ಅವನು ಆಚೀಚೆ ನೋಡಿ, ಜೇಬಿನಿಂದ ಒಂದು ಬೆಂಕಿಪೊಟ್ಟಣ ತೆಗೆದು ಅವಳ ಕೈಗೆ ತುರುಕಿದ.

"ಮನೆಗೆ ಹೋಗಿ ನೋಡ್ಕೊಳಿ. ಯಾರಿಗೂ ತೋರಿಸಬ್ಯಾಡಿ."

ಅವಳು ಮನೆಯ ತನಕ ಕಾಯುವ ಜಾತಿಯಲ್ಲ. ಅಲ್ಲೇ ತೆರೆದಳು. ಹತ್ತಿಯ ನಡುವೆ ಗುಲಾಬಿ ಬಣ್ಣದ ಪ್ಲೇಟು, ಅದಕ್ಕೆ ಅಂಟಿದ ಒಂದೇ ಒಂದು ಹಲ್ಲು. ಥಳಥಳ ಹೊಳೆಯುತ್ತಿತ್ತು.

"ಏನಿದು...?"

"ನಾಳೆ... ಅವರು ಬತ್ತಾರಲ್ಲ. ಅಷ್ಟೊತ್ತು ಹಾಕ್ಕೊಂಡ್ರೆ ಸಾಕು."

ಅನಸೂಯ ಪೊಟ್ಟಣವನ್ನು ರಪ್ಪನೆ ಮುಚ್ಚಿದಳು.

"ನೀವಾ? ಈ ಸಂದಿ ನೋಡಿ ಮುಖ ತಿರುಗಿಸದೇ ಇದ್ದ ಒಬ್ಬರೇ ಒಬ್ಬರು ನೀವು! ಇನ್ನೊಬ್ಬನ ಮುಂದೆ ನನ್ನ ಸಿಂಗಾರ ಮಾಡಿ ನಿಲ್ಸೋಕೆ ನೀವೇ ಹಲ್ಲು ಮಾಡ್ಕೊಂಡು ಬಂದ್ರಾ?"

ಕೋದಂಡ ತಲೆ ತಗ್ಗಿಸಿದ.

"ಮಾತಾಡಿ!"

ಅವನು ಮಾತಾಡಲಿಲ್ಲ. ಅನಸೂಯ ಬೆಂಕಿಪೊಟ್ಟಣವನ್ನು ಮುಷ್ಟಿಯಲ್ಲಿ ಹಿಸುಕಿ ಹಿಡಿದು ದಾಪುಗಾಲು ಹಾಕಿದಳು. ಬಸ್ಸಿನಲ್ಲಿ ಕೂತ ಮೇಲೆ ಕಣ್ಣೀರು ಕಟ್ಟೆಯೊಡೆಯಿತು.

ಇದನ್ನೆಲ್ಲ ಎದುರಿನ ಟೀ ಅಂಗಡಿಯಿಂದ ಒಬ್ಬರು ನೋಡುತ್ತಿದ್ದರು. ಮಾತು ಕೇಳಿಸಿರಲಿಲ್ಲ. ಗಣಿ ಕಡೆಯ ಹುಡುಗ ಆಚೀಚೆ ನೋಡಿ ಬೆಂಕಿಪೊಟ್ಟಣ ಕೊಟ್ಟದ್ದು, ಅದರೊಳಗೆ ಬೆಳ್ಳಗಿನ ಹತ್ತಿ ಇದ್ದದ್ದು ಮಾತ್ರ ಕಂಡಿತ್ತು. ಆ ಸೀಮೆಯಲ್ಲಿ ಹುಟ್ಟಿದವರಿಗೆ ಅಷ್ಟು ಕಂಡರೆ ಸಾಕು, ಮಿಕ್ಕದ್ದನ್ನು ಅವರೇ ಊಹಿಸಿಕೊಳ್ಳುತ್ತಾರೆ. ಗಣಿಯಿಂದ ಕದ್ದ ಚಿನ್ನ ಬೆಂಕಿಪೊಟ್ಟಣದಲ್ಲೇ ಊರು ದಾಟುತ್ತದೆ ಎಂಬ ಕಥೆ ಕೇಳಿ ಬೆಳೆದವರು ಅವರೆಲ್ಲ.

ಭಾನುವಾರ ಬೆಳಿಗ್ಗೆ ಗಂಡಿನ ಕಡೆಯವರು ಬಂದರು. ಜೊತೆಯಲ್ಲಿ ಹುಡುಗನ ಸೋದರಮಾವ ಅಶ್ವತ್ಥಪ್ಪ. ಹೌದು, ನಿನ್ನೆ ಟೀ ಅಂಗಡಿಯಿಂದ ನೋಡುತ್ತಿದ್ದ ಮನುಷ್ಯನೇ!

ಕಾಫಿ ತಟ್ಟೆ ಹಿಡಿದು ಬಂದ ಅನಸೂಯಳನ್ನು ಕಂಡು ಅಶ್ವತ್ಥಪ್ಪನ ಮುಖ ಅರಳಿತು.

"ನೋಡು ಸೊಣ್ಣಪ್ಪ," ಎಂದು ಅವನು ದನಿ ತಗ್ಗಿಸಿದ. "ಎಣ್ಣು ಒಪ್ಪಿಗೆ. ಒಂದೇ ಮಾತು. ನಿನ್ನೆ ಟೇಸನ್ ತಾವ ನಿನ್ ಮಗಳ ಕೈಗೊಂದು ಬೆಂಕಿಪೊಟ್ನ ಬಂತು. ಮೈನ್ಸ್ ಉಡುಗ ಬೆಂಕಿಪೊಟ್ನ ಕೊಟ್ರೆ ಒಳಗೇನಿರ್ತದೆ ಅಂತ ನಮ್ಗೊತ್ತಿಲ್ವಾ? ನಾವ್ ಯಾರ್ಗೂ ಏಳಲ್ಲ. ಅದನ್ನ ಕರಗಿಸಿ ಎಣ್ಣಿನ ಮೈಮೇಲೆ ಆಕ್ಬುಡಿ, ಅಷ್ಟೇ!"

ಸೊಣ್ಣಪ್ಪ ಮಗಳ ಕಡೆ ತಿರುಗಿದ. ಒಂದು ಲೋಟ ನೀರು ಬೆರೆಸದೆ ಇಪ್ಪತ್ತು ವರ್ಷ ಡೇರಿಗೆ ಹಾಲು ಹಾಕಿದ ಮನುಷ್ಯ ಅವನು.

"ಏನಮ್ಮಿ ಇದು? ಕಳ್ ಚಿನ್ನಾನಾ?"

"ತರ್ತೀನಿ ಇರಪ್ಪ," ಎಂದಳು ಅನಸೂಯ.

ಒಳಗೆ ಹೋಗಿ ಬೆಂಕಿಪೊಟ್ಟಣ ತಂದಳು. ತಾಯಿ ಅಡ್ಡ ಬಂದು ಕೈ ಹಿಡಿದರೂ ಬಿಡಲಿಲ್ಲ. ನೇರ ಅಶ್ವತ್ಥಪ್ಪನ ಅಂಗೈ ಮೇಲಿಟ್ಟಳು.

"ತಗೊಳ್ಳಿ. ನಿಮ್ಮ ಚಿನ್ನ! ನೀವೇ ತೆಗೆದು ನೋಡಿ."

ಅಶ್ವತ್ಥಪ್ಪ ಬಾಗಿಲ ಕಡೆ ಒಮ್ಮೆ ನೋಡಿ, ಹತ್ತಿ ಬಿಡಿಸಿದ. ಮರುಕ್ಷಣ...

"ಅಯ್ಯಯ್ಯಪ್ಪೋ! ಅಲ್ಲು!"

ಅವನು ಕೈ ಕೊಡವಿದ ರಭಸಕ್ಕೆ ಹಲ್ಲು ಹಾರಿ ಮದುವೆ ಗಂಡಿನ ಕಾಫಿ ಲೋಟದೊಳಗೆ ಬಿತ್ತು! ಗಂಡು ಹೌಹಾರಿ ಎದ್ದು ನಿಂತ.

ಅನಸೂಯ ಬಾಯಿ ತುಂಬ ನಕ್ಕಳು. ಸಂದಿ ಎಲ್ಲರಿಗೂ ಕಾಣುವ ಹಾಗೆ.

"ನೋಡ್ಕೊಳ್ಳಿ! ನನಗೆ ಒಂದು ಹಲ್ಲಿಲ್ಲ. ಎಲುಬಲ್ಲಿ ಸ್ಕ್ರೂ ಇದೆ, ಅಕ್ಟೋಬರ್‌ಗೆ ಹಲ್ಲು ಬರುತ್ತೆ. ಆದ್ರೆ ನಿಮಗೋಸ್ಕರ ಅಲ್ಲ. ಕಳ್ಳ ಚಿನ್ನ ಇದ್ರೆ ಒಪ್ಪಿಗೆ, ಹಲ್ಲಿಲ್ಲದಿದ್ರೆ ಗಾಬರಿ! ಇಂಥ ಮನೆ ನನಗೇ ಒಪ್ಪಿಗೆ ಇಲ್ಲ!"

ತಾಯಿ ತಲೆ ಚಚ್ಚಿಕೊಂಡಳು. ಸೊಣ್ಣಪ್ಪ ಮಾತ್ರ ನಿಧಾನವಾಗಿ ಎದ್ದು ಹೊರಬಾಗಿಲು ಪೂರ್ತಿ ತೆರೆದ.

"ಓಗ್ಬನ್ನಿ ಅಶ್ವತ್ಥಪ್ಪ. ಬಸ್ಸಿಗೆ ಒತ್ತಾಯ್ತು."

ಅವರು ಹೋದ ಮೇಲೆ ಹಟ್ಟಿಯ ಮೂಲೆಯಲ್ಲಿ ಕುಳಿತ ಚಿಕ್ಕವೆಂಕಟಮ್ಮ ಬಹಳ ಹೊತ್ತು ಅತ್ತಳು. ಆಮೇಲೆ ಮಗಳ ಕೈ ಹಿಡಿದಳು.

"ಅವನನ್ನ ಬಯ್ಯಬ್ಯಾಡ ಕಣಮ್ಮಿ. ನಾನೇ ಓಗಿ ಆ ಉಡುಗನ ಕಾಲು ಇಡಿಯಕ್ಕೆ ಬಗ್ಗಿದ್ದೆ. ಒಂದ್ ಅಲ್ಲು ಮಾಡ್ಕೊಡಪ್ಪ, ನನ್ ಮಗಳ ಬಾಳು ನಿಲ್ತದೆ ಅಂದೆ. ಶನಿವಾರ ನೀನು ಪೇಟೆಗೆ ಬರೋದ್ನೂ ನಾನೇ ಏಳಿದ್ದೆ. ನಾನು ಬಂದಿದ್ನ ಏಳಲ್ಲ ಅಂತ ಆಣೆ ಇಡಿಸ್ಕೊಂಡೆ. ಅವ್ನು ಒಪ್ಕೊಂಡ... ಆದ್ರೆ ಅವನ ಕಣ್ಣಾಗೆ ನೀರಿತ್ತು ಕಣೇ."

ಅನಸೂಯ ಹಣೆ ಹಣೆ ಹೊಡೆದುಕೊಂಡಳು. *ಅಯ್ಯೋ... ಅವನ ಬಾಯಿ ಕಟ್ಟಿದ್ದು ನನ್ನವ್ವನ ಆಣೆಯಾ!*

ಮರುದಿನ ಬೆಳಗಿನ ಹಾಲು ಮುಗಿಸಿ ಅವಳು ಬೆಂಗಳೂರಿನ ರೈಲಿಗಲ್ಲ, ಎದುರು ದಿಕ್ಕಿನ ಮಾರಿಕುಪ್ಪಂ ರೈಲಿಗೆ ಹತ್ತಿದಳು. ಕ್ಲಿನಿಕ್ಕಿನ ಹಿಂದಿನ ಕೋಣೆಗೆ ನುಗ್ಗಿದಾಗ ಕೋದಂಡ ಯಾರದೋ ದವಡೆಯ ಅಚ್ಚನ್ನು ಸುಮ್ಮನೆ ಕೈಯಲ್ಲಿ ಹಿಡಿದು ಕುಳಿತಿದ್ದ.

"ಬಾಯಿ ತೆಗೀರಿ!"

ಅವನು ಬೆಚ್ಚಿ ಎದ್ದ. "ಅನಸೂಯಮ್ಮ...?"

"ಇದು ಆರ್ಡರ್ರೇ! ಅವ್ವ ಎಲ್ಲಾ ಹೇಳಿದ್ಲು. ಆಣೆ ತೀರ್ತು. ಈಗ ನಿಮ್ಮ ಮನಸ್ಸಲ್ಲಿರೋದನ್ನ ಹೇಳಿ. ಆ ಹಲ್ಲು ಮಾಡುವಾಗ ಏನಂದ್ಕೊಂಡ್ರಿ?"

ಕೋದಂಡ ಅಚ್ಚನ್ನು ಕೆಳಗಿಟ್ಟ.

"ನಾನು ನಂದಿದುರ್ಗ ಗಣಿಯ ಕೂಲಿಗಳ ಲೈನ್ ಮನೆಯೋನು. ಎರಡು ರೂಮು, ಅಪ್ಪನಿಗೆ ಗಣಿ ಧೂಳಿನ ಕೆಮ್ಮು. ನಿಮ್ಮವ್ವ ಹಂಗೆ ಅತ್ತಾಗ ನಾನ್ಯಾರು ಅಡ್ಡ ನಿಲ್ಲೋಕೆ ಅನ್ನಿಸ್ತು. ಅದನ್ನ ಉಜ್ಜಿ ನುಣ್ಣಗೆ ಮಾಡುವಾಗ... ಇದು ಅವಳ ಬಾಯಿಗೆ ಸರಿಯಾಗಿ ಕೂರದೇ ಹೋಗ್ಲಿ ದೇವ್ರೇ ಅಂತ ಬೇಡ್ಕೊಂಡೆ. ಅಂಥ ಕೆಟ್ಟ ಮೆಕ್ಯಾನಿಕ್ ನಾನು!"

ಅನಸೂಯಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ಅದು ಕೂರ್ತಿತ್ತೋ ಇಲ್ವೋ ಯಾರಿಗೆ ಗೊತ್ತು? ನಾನು ಬಾಯಿಗೇ ಹಾಕ್ಕೊಂಡಿಲ್ಲ. ಈಗ ಅದು ತಿಪ್ಪೇಲಿದೆ."

"ಹಂಗಾದ್ರೆ...?"

"ಹಂಗಾದ್ರೆ ಏನು? ನಾನೇ ಕೇಳ್ಬೇಕಾ? ಕೇಳ್ತೀನಿ! ನನ್ನ ಮದುವೆ ಆಗ್ತೀರಾ?"

ಬೆಂಚಿನ ಮೇಲಿದ್ದ ಪೇಷೆಂಟುಗಳು ಮತ್ತೊಮ್ಮೆ ಕತ್ತು ಚಾಚಿದರು. ಕೋದಂಡ ಹೂಂ ಅಂದದ್ದು ಅವರಿಗೂ ಕೇಳಿಸಿತು.

ಅಕ್ಟೋಬರಿನ ಒಂದು ಗುರುವಾರ ಕಾಲೇಜಿನ ದೊಡ್ಡ ಡಾಕ್ಟರು ಅವಳ ಸ್ಕ್ರೂ ಮೇಲೆ ಹಲ್ಲು ಕೂರಿಸಿದರು. ಮಾಡಿದವನು ಕೋದಂಡ. ಪಕ್ಕದ ಹಲ್ಲಿನ ತುದಿಯಲ್ಲಿದ್ದ ಚೂರು ಹಳದಿಯನ್ನೂ ಬಿಡದೆ ತಂದಿದ್ದ.

ಸಂಜೆಯ ರೈಲಿನಲ್ಲಿ ಅವಳು ಕನ್ನಡಿ ನೋಡಿದಳು. ನಾಲಿಗೆಯಿಂದ ಮುಟ್ಟಿದಳು. ಕಡಲೆಕಾಯಿಯ ಸಿಪ್ಪೆಯನ್ನು ಅದೇ ಹಲ್ಲಿನಿಂದ ಕಚ್ಚಿ ಒಡೆಯಲು ಹೋದಳು.

"ಏಯ್! ಇವತ್ತೇ ಬ್ಯಾಡ ಕಣಮ್ಮ!"

"ನಿಮ್ಮ ಕೆಲಸದ ಮೇಲೆ ನಿಮಗೇ ನಂಬಿಕೆ ಇಲ್ವಾ?"

"ಐತೆ... ಒಂದ್ಸಲ ನಿಮ್ಮಪ್ಪನ ಹೆಸರು ಹೇಳಿ."

"ಸೊಣ್ಣಪ್ಪ."

ಸೀಟಿ ಬರಲಿಲ್ಲ. ಕೋದಂಡನ ಮುಖ ಸಪ್ಪಗಾಯಿತು.

"ಯಾಕ್ರೀ? ಸೀಟಿ ಹೋಯ್ತು ಅಂತ ಬೇಜಾರಾ?"

"ಚೂರು..."

ಅನಸೂಯ ಹತ್ತಿರ ಸರಿದಳು. ಎರಡು ಬೆರಳು ತುಟಿಗಿಟ್ಟು, ಹಸು ಮೇಯಿಸುವಾಗ ಕಲಿತಿದ್ದ ಸೀಟಿಯನ್ನು ಬೋಗಿಗೆ ಬೋಗಿಯೇ ತಿರುಗಿ ನೋಡುವ ಹಾಗೆ ಹೊಡೆದಳು. ಆಮೇಲೆ ಅವನ ಟವೆಲ್ ಎಳೆದು ತನ್ನ ಮಡಿಲಲ್ಲಿಟ್ಟುಕೊಂಡಳು.

"ಸಾಕಾ?"

"ಸಾಲ್ದು," ಎಂದ ಕೋದಂಡ. "ದಿನಾ ಬೇಕು."