ಒಂಬತ್ತನೇ ಬಿಡುವು

ಮದುವೆಯ ಸೋಬಾನೆಯಲ್ಲಿ ಒಬ್ಬರು ಹಾಡಿದ ಸಾಲನ್ನು ಇನ್ನೊಬ್ಬರು ತಿರುಗಿ ಹಾಡಬೇಕು. ಗುತ್ತಿಗಾರಿನ ನೀಲಾವತಿಯಮ್ಮನಿಗೆ ಹಾಗೆ ಜೊತೆ ಕೊಡುತ್ತಿದ್ದವರು ಅವರ ಅಕ್ಕ ಪೂವಮ್ಮ. ಆಟಿ ತಿಂಗಳಲ್ಲಿ ಅಕ್ಕ ತೀರಿಕೊಂಡರು. ಆಮೇಲೆ ನಾನು ರೆಕಾರ್ಡ್ ಮಾಡಲು ಹೋದಾಗ ನೀಲಾವತಿಯಮ್ಮ ಒಬ್ಬರೇ ಹಾಡಿದರು. ಪ್ರತಿ ಸಾಲಾದ ಮೇಲೂ ಅಷ್ಟೇ ಹೊತ್ತು ಸುಮ್ಮನಿದ್ದರು.

"ಯಾಕಮ್ಮ ನಿಲ್ಲಿಸುದು?" ಎಂದು ಕೇಳಿದೆ.

"ಅಕ್ಕನಿಗೆ ಜಾಗ ಬೇಡ್ವಾ?"

ಮರುದಿನ ಮಧ್ಯಾಹ್ನ ಸುಳ್ಯದ ನನ್ನ ಕೋಣೆಯಲ್ಲಿ ಆ ಹಾಡನ್ನು ಕಂಪ್ಯೂಟರಿಗೆ ಹಾಕಿದೆ. ಆಡಿಯೋ ಸಾಫ್ಟ್‌ವೇರನ್ನು ಬೆಳಿಗ್ಗೆಯಷ್ಟೇ ಅಪ್‌ಡೇಟ್ ಮಾಡಿದ್ದೆ. ಮೊದಲೆಲ್ಲ ಕಮಾಂಡ್ ಕೊಟ್ಟರೆ ಸದ್ದಿಲ್ಲದೆ ಕೆಲಸ ಮುಗಿಸುತ್ತಿದ್ದ ಅದು, ಈಗ ಕಪ್ಪು ಪರದೆಯ ಮೇಲೆ ತಾನು ಏನೇನು ಮಾಡುತ್ತಿದ್ದೇನೆಂದು ಹೇಳುವ ಬೇಡದ ಡಿಬಗ್ ಸಂದೇಶಗಳನ್ನು ಉಗುಳತೊಡಗಿತು. 'ಮನುಷ್ಯರ ದನಿ ಸಿಕ್ಕಿದೆ', ಮತ್ತೆ ಅದೇ, ಮತ್ತೆ ಅದೇ. ಸಿಟ್ಟು ಬಂತು. ಆಮೇಲೆ ಪ್ರತಿ ಸಂದೇಶದ ಪಕ್ಕ ನಮೂದಾಗಿದ್ದ ಹಾಡಿನ ಸಮಯ ನೋಡಿದೆ. ನೀಲಾವತಿಯಮ್ಮ ಹಾಡುವಾಗ ಒಂದು ಸಂದೇಶವೂ ಬಂದಿರಲಿಲ್ಲ. ಅವರು ಸುಮ್ಮನಾದಾಗಲೆಲ್ಲ ಒಂದೊಂದು ಬಂದಿತ್ತು. ಒಂಬತ್ತನೇ ಬಿಡುವಿನಲ್ಲಿ ಮಾತ್ರ ಇಲ್ಲ.

ಹೆಡ್‌ಫೋನ್ ಹಾಕಿ ಆ ಬಿಡುವುಗಳನ್ನು ಒಂದೊಂದಾಗಿ ಕೇಳಿದೆ. ಏನೂ ಇರಲಿಲ್ಲ. ಮಧ್ಯಾಹ್ನದ ಆ ಸೆಕೆಯಲ್ಲೂ ಕಿವಿಗಳೆರಡೂ ತಣ್ಣಗಾದವು.

ಸಂದೇಶ ಬಾರದಂತೆ ಸರಿಮಾಡಿದೆ. ಯಾರಿಗೂ ಹೇಳಲಿಲ್ಲ. ಭಾನುವಾರ ಬೆಳಿಗ್ಗೆ ಗುತ್ತಿಗಾರಿಗೆ ಹೋಗಿ ನೀಲಾವತಿಯಮ್ಮನಿಗೆ ಹಾಡು ಕೇಳಿಸಿದೆ. ಅವರು ಕಣ್ಣು ಮುಚ್ಚಿ, ಬಿಡುವುಗಳಲ್ಲೂ ತಲೆದೂಗುತ್ತಿದ್ದರು. ಒಂಬತ್ತನೇ ಸಾಲು ಮುಗಿದದ್ದೇ ತಲೆ ನಿಂತಿತು.

"ಇಲ್ಲಿ ಅಕ್ಕ ಹಾಡ್ಲಿಲ್ಲ, ಕಂಡಿಯಾ ಮಗಾ?" ಎಂದು ನಕ್ಕರು. "ಈ ಒಂದು ಸಾಲು ಅವಳಿಗೆ ಯಾವಾಗ್ಲೂ ಮರೆತು ಹೋಗುದು."